ದಿನದ ಧ್ಯಾನ, ದೇವರ ಚಿತ್ತ: ಊರ ಸಭೆ ನಡೆಸುವ ಪಾಲಕರಿಗೊಂದು ಕೈಪಿಡಿ

ಬೆಳಿಗ್ಗೆ ಐದೂವರೆಗೆ ಡೇರಿಗೆ ಹಾಲು ಹೋಗುತ್ತದೆ. ಆರಕ್ಕೆ ಗಾರ್ಮೆಂಟ್ಸ್ ಬಸ್ಸು ಹಾರ್ನ್ ಹೊಡೆಯುತ್ತದೆ. ಆರೂ ಕಾಲಿಗೆ ಫೋನು: "ಪಾಸ್ಟ್ರೇ, ಅಮ್ಮಂಗೆ ರಾತ್ರಿಯಿಂದ ಉಬ್ಬಸ, ಮೈಸೂರಿಗೆ ಕರ್ಕೊಂಡ್ ಹೋಯ್ತಾ ಇದೀವಿ, ಪ್ರಾರ್ಥನೆ ಮಾಡಿ." ಮದ್ದೂರು, ಮಳವಳ್ಳಿ, ನಂಜನಗೂಡು, ತಿ. ನರಸೀಪುರದ ಕಡೆ ಕ್ರೈಸ್ತ ಸಭೆ ನಡೆಸುವ ಪಾಲಕರ, ಅಂದರೆ ಪಾಸ್ಟರುಗಳ, ದಿನ ಹೊರಡುವುದೇ ಹೀಗೆ. ಅಲ್ಲಿಂದ ಮುಂದೆ ಆ ದಿನ ಅವರದಲ್ಲ. ಆಸ್ಪತ್ರೆ, ಸಾವಿನ ಮನೆ, ಸಮಿತಿಯ ಜಗಳ, ಸಂಜೆ ಮನೆ ಪ್ರಾರ್ಥನೆ. ಇದರ ನಡುವೆ ಯಾರೋ ಬಂದು, "ಚರ್ಚಿಗೆ ಒಂದು ಸೈಟು ಸಿಕ್ತಾ ಇದೆ, ಈ ವಾರದಲ್ಲೇ ಅಡ್ವಾನ್ಸ್ ಕೊಡಬೇಕು, ದೇವರ ಚಿತ್ತ ಏನು ಅಂತ ನೋಡಿ ಹೇಳಿ" ಎನ್ನುತ್ತಾರೆ.

ಆ ಗಳಿಗೆಯಲ್ಲಿ ದೇವರ ಚಿತ್ತ, ಅಂದರೆ ದೇವರ ಇಷ್ಟ, ಹುಡುಕಲು ಕೂತರೆ ಕೈಗೆ ಸಿಗುವುದು ಬಹುಪಾಲು ನಮ್ಮದೇ ಆಸೆ, ಇಲ್ಲವೇ ನಮ್ಮದೇ ಭಯ. ಚಿತ್ತ ತಿಳಿಯುವ ಕೆಲಸದ ಮುಕ್ಕಾಲು ಪಾಲು ಯಾವ ತುರ್ತೂ ಇಲ್ಲದ ದಿನಗಳ ಬೆಳಗಿನಲ್ಲೇ ಮುಗಿದಿರಬೇಕು. ಅದಕ್ಕೇ ಇಲ್ಲಿ ಮೊದಲು ಧ್ಯಾನದ ವಿಚಾರ, ಆಮೇಲೆ ತೀರ್ಮಾನದ ವಿಚಾರ.

ಹೊತ್ತು, ಜಾಗ, ಎರಡು ನೋಟ್‌ಬುಕ್ಕು

45 ನಿಮಿಷ ಸಾಕು. ಮೊದಲ ದಿನವೇ ಎರಡು ಗಂಟೆ ಎಂದು ಪಣ ತೊಟ್ಟವರು ಹತ್ತನೆಯ ದಿನಕ್ಕೆ ಬಿಟ್ಟಿರುತ್ತಾರೆ. ಆ 45 ನಿಮಿಷ ಮೊದಲ ಫೋನಿಗಿಂತ ಮುಂಚೆ ಬರಬೇಕು. ಮಾರ್ಕನ ಸುವಾರ್ತೆ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋದರು ಎಂದಿದೆ. ಆ ಭಾಗವನ್ನು ಬೇಗ ಏಳುವುದಕ್ಕೆ ಪ್ರಮಾಣವಾಗಿ ಎಲ್ಲರೂ ಎತ್ತಿ ಹೇಳುತ್ತಾರೆ. ಮುಂದಿನ ಮೂರು ವಚನ ಓದುವವರು ಕಡಿಮೆ. "ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ" ಎಂದು ಶಿಷ್ಯರು ಬಂದಾಗ ಯೇಸು ಕಪೆರ್ನೌಮಿಗೆ ವಾಪಸ್ ಹೋಗಲಿಲ್ಲ. ಬೇರೆ ಊರುಗಳಿಗೆ ಹೋಗೋಣ ಎಂದರು. ಬೆಳಗಿನ ಪ್ರಾರ್ಥನೆಯ ಫಲ ಅಲ್ಲಿ ಒಂದು "ಇಲ್ಲ".

ಅಲಾರಂಗೆ ಮೊಬೈಲ್ ಬೇಡ, ಒಂದು ಗಡಿಯಾರ ತಂದಿಡಿ. ಅಲಾರಂ ನಿಲ್ಲಿಸಲು ಮೊಬೈಲ್ ಮುಟ್ಟಿದವರು ವಾಟ್ಸ್ಆ್ಯಪ್ ನೋಡದೆ ಕೆಳಗಿಡುವುದಿಲ್ಲ. ಸಭೆಯ ಗುಂಪಿನಲ್ಲಿ ರಾತ್ರಿ ಯಾರೋ ಹಾಕಿದ ಕೊಂಕು ಮಾತೇ ಆ ದಿನದ ಧ್ಯಾನದ ವಸ್ತುವಾಗಿಬಿಡುತ್ತದೆ. ತುರ್ತು ಕರೆ ಬರಬಹುದೆಂಬ ಅಳುಕಿದ್ದರೆ ಫೋನನ್ನು ಮನೆಯವರ ಕೈಗೆ ಕೊಟ್ಟು, ಸಾವು, ಅಪಘಾತ, ಆಸ್ಪತ್ರೆ ಈ ಮೂರಕ್ಕೆ ಮಾತ್ರ ಕರೆಯಲು ಹೇಳಿ.

ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮಕ್ಕಳು ಮಲಗಿರುವಾಗ ಜಾಗವೇ ತೊಡಕು. ಪ್ರಾರ್ಥನಾ ಮಂದಿರದ ಬೀಗದ ಕೈ ನಿಮ್ಮ ಬಳಿಯಿದ್ದರೆ ಅಲ್ಲಿಗೆ ಹೋಗಿ. ಆದರೆ ವೇದಿಕೆಯ ಮೇಲೆ, ಪ್ರಸಂಗಪೀಠದ ಹತ್ತಿರ ಕೂರಬೇಡಿ. ಜನ ಕೂರುವ ಚಾಪೆಯ ಮೇಲೆ ಕೂರಿ. ಪೀಠದ ಹತ್ತಿರ ಕೂತರೆ ಮನಸ್ಸು ತಾನಾಗಿಯೇ ಪ್ರಸಂಗ (ಭಾನುವಾರದ ಉಪದೇಶ) ಶುರುಮಾಡುತ್ತದೆ. ಮಂದಿರ ದೂರವಿದ್ದರೆ ತಾರಸಿ ಆದೀತು, ಹಿತ್ತಿಲು ಆದೀತು. ನಾಲೆ ಏರಿಯ ಮೇಲೆ ನಡೆಯುತ್ತಾ ಪ್ರಾರ್ಥಿಸುವುದು ಹಿತವೇ, ಆದರೆ ಓದು ಬರಹ ಮುಗಿದ ಮೇಲೆ. ನಡೆಯುತ್ತಾ ಬರೆಯಲಾಗದು, ಬರೆಯದ ಧ್ಯಾನ ಮಧ್ಯಾಹ್ನದ ಹೊತ್ತಿಗೆ ಆರಿಹೋಗಿರುತ್ತದೆ.

ನಿದ್ದೆಯ ಲೆಕ್ಕ ಇಲ್ಲದೆ ಇದ್ಯಾವುದೂ ನಡೆಯದು. ಐದಕ್ಕೆ ಏಳಬೇಕಾದರೆ ಹತ್ತಕ್ಕೆ ದೀಪ ಆರಬೇಕು. ಇಡೀ ರಾತ್ರಿ ಪ್ರಾರ್ಥನೆ ಇದ್ದ ಮಾರನೆಯ ದಿನ ಧ್ಯಾನವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಿ, ತೂಕಡಿಸುತ್ತಾ ಹಟ ಹಿಡಿಯಬೇಡಿ. 1 ಅರಸುಗಳು 19ರಲ್ಲಿ ಸೋತು ಸಾಯಬೇಕೆಂದ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ದೇವರ ಸೂಕ್ಷ್ಮವಾದ ಶಬ್ದ ಕೇಳಿಸಿದ್ದು ಅದೆಲ್ಲ ಆದ ಮೇಲೆ.

ಬೇಕಾದ ಸಾಮಾನು: ಒಂದು ಬೈಬಲ್ (ಪ್ರಸಂಗಕ್ಕೆ ಹಿಡಿಯುವ, ಗೆರೆ ಎಳೆದು ತುಂಬಿಸಿರುವ ಪ್ರತಿಯಲ್ಲ, ಬೇರೆ), ಎರಡು ನೋಟ್‌ಬುಕ್ಕು, ಒಂದು ಪೆನ್ನು. ಒಂದು ನೋಟ್‌ಬುಕ್ಕು ದಿನದ ಧ್ಯಾನಕ್ಕೆ. ಇನ್ನೊಂದು ತೀರ್ಮಾನಗಳಿಗೆ, ಅದರ ಉಪಯೋಗ ಆಮೇಲೆ ಬರುತ್ತದೆ.

45 ನಿಮಿಷದ ಹಂಚಿಕೆ

ಮೊದಲ 5 ನಿಮಿಷ ಬೈಬಲ್ಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಗಟ್ಟಿಯಾಗಿ. ಕಣ್ಣಲ್ಲಿ ಓದಿದರೆ ಮನಸ್ಸು ಮುಂದೆ ಓಡುತ್ತದೆ, ಬಾಯಲ್ಲಿ ಓದಿದರೆ ನಾಲಿಗೆಯ ವೇಗಕ್ಕೆ ನಿಲ್ಲುತ್ತದೆ. ಕೀರ್ತನೆಗಳು 150. ದಿನಕ್ಕೊಂದರಂತೆ ಹೋಗಿ, 119ನೆಯದನ್ನು ಮಾತ್ರ ಅದರಲ್ಲೇ ಇರುವಂತೆ ಎಂಟೆಂಟು ವಚನದ 22 ಭಾಗ ಮಾಡಿಕೊಂಡರೆ ಒಟ್ಟು 171 ದಿನ. ವರ್ಷಕ್ಕೆ ಎರಡು ಸಲ ಮುಗಿದು, ಜ್ವರಕ್ಕೂ ಪ್ರಯಾಣಕ್ಕೂ ಮೂರು ವಾರ ಮಿಗುತ್ತದೆ.

ಮುಂದಿನ 15 ನಿಮಿಷ ಓದು. ಪ್ರಾಟೆಸ್ಟೆಂಟ್ ಬೈಬಲ್ಲಿನ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ವಾರದ ದಿನಗಳಲ್ಲಿ ಮೂರು, ಭಾನುವಾರ ಐದು ಎಂಬುದು ವರ್ಷಕ್ಕೊಮ್ಮೆ ಓದಿ ಮುಗಿಸುವವರ ಹಳೆಯ ಲೆಕ್ಕ. ಪಾಲಕರಿಗೆ ಅದು ತಲೆಕೆಳಗು. ಭಾನುವಾರವೇ ಅವರಿಗೆ ಬಿಡುವಿಲ್ಲ. ಐದು ಅಧ್ಯಾಯವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಇದೇ ಮೊದಲು ಶುರುಮಾಡುವವರಿಗಾದರೆ ಇಷ್ಟೂ ಬೇಡ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೆ ಒಂದು, 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಶನಿವಾರ, ಭಾನುವಾರ ಬಿಟ್ಟುಹೋದದ್ದಕ್ಕೆ.

ಸಾಲಾಗಿ ಓದಿ. ಬೇಕಾದಲ್ಲಿ ತೆರೆದು ಓದುವವರು ಸುತ್ತಿ ಬಳಸಿ ಅದೇ ಹತ್ತು ಹದಿನೈದು ಅಧ್ಯಾಯಗಳಿಗೆ ಬಂದು ನಿಲ್ಲುತ್ತಾರೆ. ಸಾಲಾಗಿ ಓದಿದರೆ ನಮಗೆ ಬೇಡವಾದ ಮಾತೂ ಎದುರು ಬರುತ್ತದೆ. ಮುಂದೆ ಚಿತ್ತ ವಿವೇಚಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ವಾರಕ್ಕೊಮ್ಮೆಯಾದರೂ ಎರಡು ಅನುವಾದ ಪಕ್ಕದಲ್ಲಿಟ್ಟು ನೋಡಿ. 23ನೆಯ ಕೀರ್ತನೆ ಬೈಬಲ್ಲಿನ ಹಳೆಯ ಅನುವಾದದಲ್ಲಿ "ಯೆಹೋವನು ನನಗೆ ಕುರುಬನು" ಎಂದು ಶುರುವಾದರೆ ಈಚಿನ ಅನುವಾದದಲ್ಲಿ ಕುರುಬನ ಜಾಗದಲ್ಲಿ "ಕುರಿಗಾಹಿ" ಎಂದಿದೆ. ನಮ್ಮ ಸೀಮೆಯಲ್ಲಿ ಕುರುಬ ಎಂದ ಕೂಡಲೇ ಜನರ ಕಿವಿಗೆ ಮೊದಲು ಬೀಳುವುದು ಒಂದು ಸಮುದಾಯದ ಹೆಸರು. ಕುರಿಗಾಹಿ ಎಂದರೆ ಕೆಲಸ ಕಾಣುತ್ತದೆ. ಇಷ್ಟು ಸಣ್ಣ ವ್ಯತ್ಯಾಸವೂ ಬಾಯಿಪಾಠವಾಗಿ ಸವೆದ ಮಾತನ್ನು ಮತ್ತೆ ಕೇಳುವಂತೆ ಮಾಡುತ್ತದೆ.

ಆಮೇಲೆ 10 ನಿಮಿಷ ಬರಹ. ಮೇಲೆ ತಾರೀಕು, ಓದಿದ ಭಾಗ. ಕೆಳಗೆ ಮೂರೇ ವಾಕ್ಯ: ಈ ಭಾಗ ಏನು ಹೇಳುತ್ತದೆ, ನನ್ನಲ್ಲಿ ಯಾವುದನ್ನು ಮುಟ್ಟಿತು, ಇವತ್ತು ಯಾರ ಜೊತೆ, ಏನು ಮಾಡಬೇಕು. ಮೂರನೆಯದರಲ್ಲಿ ಹೆಸರು ಇರಲೇಬೇಕು. "ಹೆಚ್ಚು ಪ್ರೀತಿಯುಳ್ಳವನಾಗಿರಬೇಕು" ಎಂದು ಬರೆದರೆ ಬರೆಯದಂತೆಯೇ. "ಖಜಾಂಚಿಗೆ ಫೋನ್ ಮಾಡಿ ಭಾನುವಾರ ಗದರಿದ್ದಕ್ಕೆ ಕ್ಷಮೆ ಕೇಳಬೇಕು" ಎಂದರೆ ಅದು ಧ್ಯಾನ.

ಕೊನೆಯ 15 ನಿಮಿಷ ಪ್ರಾರ್ಥನೆ. ಸಭೆಯಲ್ಲಿ 60 ಮನೆಗಳಿದ್ದರೆ ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಹತ್ತು ಮನೆ. ಭಾನುವಾರ ಊರು, ನೆರೆಹೊರೆ, ಬೇರೆ ಸಭೆಗಳು. ಸಭೆ ಬಿಟ್ಟುಹೋದವರ ಹೆಸರೂ ಪಟ್ಟಿಯಲ್ಲಿರಲಿ. ಅದನ್ನು ಓದುವಾಗ ಗಂಟಲು ಕಟ್ಟುವುದೇ ಒಂದು ಚಿಕಿತ್ಸೆ. ಪಟ್ಟಿಯಲ್ಲಿ ಹೆಸರು ಮಾತ್ರ ಬರೆಯಿರಿ, ಸಂಗತಿ ಬರೆಯಬೇಡಿ. ಕುಡಿತ, ಸಾಲ, ಗರ್ಭಪಾತ, ಗಂಡ ಹೆಂಡಿರ ಜಗಳ ಇವೆಲ್ಲ ನಿಮ್ಮನ್ನು ನಂಬಿ ಹೇಳಿದ ಮಾತುಗಳು. ನೋಟ್‌ಬುಕ್ಕು ಮೇಜಿನ ಮೇಲೆ ಬಿಟ್ಟು ಹೋದ ದಿನವೇ ಯಾರೋ ತೆರೆದು ನೋಡಿರುತ್ತಾರೆ.

ಎಡವುವ ಜಾಗಗಳು

ಎಲ್ಲಕ್ಕಿಂತ ದೊಡ್ಡದು ಪ್ರಸಂಗ. ಓದುತ್ತಿದ್ದಂತೆ "ಇದನ್ನು ಭಾನುವಾರಕ್ಕೆ ಹೇಳಿದರೆ ಚೆನ್ನ" ಎನಿಸುತ್ತದೆ, ಮೂರು ತಲೆಬರಹ ಹೊಳೆಯುತ್ತವೆ, ಧ್ಯಾನ ಅಲ್ಲಿಗೆ ಮುಗಿಯಿತು. ವಾಕ್ಯ ನಮ್ಮನ್ನು ದಾಟಿ ಎದುರಿನ ಸಾಲಿಗೆ ಹೋಗಿಬಿಡುತ್ತದೆ. ತಡೆಯಲು ಹೋಗಬೇಡಿ, ತಡೆದಷ್ಟೂ ಕಾಡುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ "ಭಾನುವಾರಕ್ಕೆ" ಎಂದು ಒಂದು ಸಾಲು ಗೀಚಿ, ತಿರುಗಿ ಓದಿಗೆ ಬನ್ನಿ. ಪ್ರಸಂಗದ ತಯಾರಿಗೆ ಬೇರೆ ಹೊತ್ತು ಕೊಡಿ. ಮಂಗಳವಾರ, ಗುರುವಾರ ತಲಾ ಎರಡು ಗಂಟೆ ಎಂದು ಗೊತ್ತುಮಾಡಿಕೊಂಡರೆ ಬೆಳಗಿನ ಓದಿನ ಮೇಲೆ ಅದು ಬೀಳುವುದಿಲ್ಲ.

ಎರಡನೆಯದು ಬಾಕಿ ತೀರಿಸುವ ಚಟ. ಮೂರು ದಿನ ತಪ್ಪಿತೆಂದು ನಾಲ್ಕನೆಯ ದಿನ ನಾಲ್ಕರಷ್ಟು ಓದುವವರು ವಾರದೊಳಗೆ ಪೂರ್ತಿ ಬಿಡುತ್ತಾರೆ. ತಪ್ಪಿದ್ದು ತಪ್ಪಿತು, ಇವತ್ತಿನದನ್ನು ಓದಿ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ, ಆಲೆಮನೆ ನಡೆಯುವಾಗ ಸಭೆಯವರ ಹೊತ್ತೇ ಬದಲಾಗುತ್ತದೆ, ಮನೆ ಪ್ರಾರ್ಥನೆ ರಾತ್ರಿ ಒಂಬತ್ತಕ್ಕೆ ಹೋಗುತ್ತದೆ. ಆ ತಿಂಗಳುಗಳಿಗೆ ಧ್ಯಾನವನ್ನು 25 ನಿಮಿಷಕ್ಕೆ ಇಳಿಸಿ, ಓದನ್ನು ಒಂದು ಅಧ್ಯಾಯಕ್ಕೆ ನಿಲ್ಲಿಸಿ. ಮೊದಲೇ ತೀರ್ಮಾನಿಸಿ ಇಳಿಸಿದ್ದು ಬೇರೆ, ಸೋತು ಬಿಟ್ಟದ್ದು ಬೇರೆ.

ಒಣಗಿದ ದಿನಗಳೂ ಬರುತ್ತವೆ, ವಾರಗಟ್ಟಲೆ. ಓದಿದ್ದು ತಟ್ಟುವುದಿಲ್ಲ, ಪ್ರಾರ್ಥನೆ ಸೂರಿಗೆ ತಾಗಿ ವಾಪಸ್ ಬಂದಂತಿರುತ್ತದೆ. ಮೊದಲು ನಿದ್ದೆ, ಊಟ, ಸಕ್ಕರೆ, ಬಿ.ಪಿ. ನೋಡಿಸಿ. ಆಮೇಲೆ ಯಾರ ಮೇಲಾದರೂ ಹಗೆ ಸಾಧಿಸುತ್ತಿದ್ದೀರಾ ಎಂದು ನೋಡಿ. ಎರಡೂ ಇಲ್ಲವೆಂದರೆ ಸುಮ್ಮನೆ ಮುಂದುವರಿಸಿ. ನಿಮ್ಮ ಮಾತು ಬತ್ತಿದಾಗ ಕೀರ್ತನೆಯ ಮಾತನ್ನೇ ಪ್ರಾರ್ಥನೆ ಮಾಡಿ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲ್ಲಿನಲ್ಲಿದೆ.

ಮನೆಯವರ ವಿಷಯ ಒಂದು ಮಾತು. ಅಯ್ಯನವರು ಮಂದಿರದಲ್ಲಿ ಧ್ಯಾನಕ್ಕೆ ಕೂತಿರುವಾಗ ಒಲೆ, ನೀರು, ಮಕ್ಕಳ ಟಿಫಿನ್ ಎಲ್ಲ ಪಾಸ್ಟರಮ್ಮನ ತಲೆ ಮೇಲೆ. ಅವರಿಗೂ ದಿನಕ್ಕೆ ಅರ್ಧ ಗಂಟೆ ಬಿಡುವಾಗುವಂತೆ ನೀವು ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ ನಿಮ್ಮ ಧ್ಯಾನಕ್ಕೆ ಬೇರೆ ಯಾರೋ ಬೆಲೆ ಕೊಡುತ್ತಿದ್ದಾರೆ ಎಂದರ್ಥ. ಕುಟುಂಬ ಪ್ರಾರ್ಥನೆ ರಾತ್ರಿ ಊಟಕ್ಕೆ ಮುಂಚೆ, ಹತ್ತು ನಿಮಿಷ: ಒಂದು ಹಾಡು, ಎಂಟು ಹತ್ತು ವಚನ, ಒಬ್ಬೊಬ್ಬರದೂ ಒಂದು ವಾಕ್ಯದ ಪ್ರಾರ್ಥನೆ. ಅಲ್ಲಿ ಉಪದೇಶ ಬೇಡ.

ಮಲಗುವ ಮುಂಚೆ ಏಳೆಂಟು ನಿಮಿಷದ ಇನ್ನೊಂದು ಅಭ್ಯಾಸವಿದೆ. 16ನೆಯ ಶತಮಾನದಲ್ಲಿ ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ತನ್ನ ಸಂಗಡಿಗರಿಗೆ ಕಲಿಸಿದ ಆತ್ಮಪರಿಶೋಧನೆ ಇದು. ಕ್ಯಾಥೊಲಿಕರಲ್ಲಿ ಬೆಳೆದು ಬಂದದ್ದಾದರೂ ಯಾವ ಸಭೆಯವರಿಗೂ ಒಗ್ಗುತ್ತದೆ. ದಿನವನ್ನು ಬೆಳಗಿನಿಂದ ತಿರುಗಿಸಿ ನೋಡುವುದು. ಎಲ್ಲಿ ಮನಸ್ಸು ದೇವರ ಕಡೆಗೆ, ಜನರ ಕಡೆಗೆ ತೆರೆಯಿತು, ಎಲ್ಲಿ ಮುದುಡಿತು ಎಂದು ಗುರುತಿಸುವುದು. ಕೃತಜ್ಞತೆ, ಕ್ಷಮೆ, ನಾಳೆಗೆ ಒಂದು ಬೇಡಿಕೆ. ಗುರುತಿಸಿದ್ದನ್ನು ಒಂದು ಸಾಲಿನಲ್ಲಿ ಬರೆದಿಡಿ. ಮೂರು ತಿಂಗಳಾದ ಮೇಲೆ ಆ ಸಾಲುಗಳನ್ನು ಒಟ್ಟಿಗೆ ಓದಿದರೆ, ನಿಮ್ಮನ್ನು ಯಾವ ಕೆಲಸ ಉಳಿಸುತ್ತದೆ, ಯಾವುದು ಸವೆಸುತ್ತದೆ ಎಂದು ಬೇರೆ ಯಾರೂ ಹೇಳಲಾರದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು

ಪ್ರಶ್ನೆ ಬಂದ ಕೂಡಲೇ ಅದು ಯಾವ ಬಗೆಯದು ಎಂದು ನೋಡಿ.

ಕೆಲವು ಆಗಲೇ ಹೇಳಿ ಮುಗಿದಿವೆ. ನಿಮ್ಮ ಶುದ್ಧತೆಯೇ ದೇವರ ಚಿತ್ತ (1 ಥೆಸಲೋನಿಕ 4:3), ಎಲ್ಲದರಲ್ಲೂ ಕೃತಜ್ಞತೆ (5:18), ನ್ಯಾಯ, ಕರುಣೆ, ದೇವರ ಮುಂದೆ ನಮ್ರ ನಡೆ (ಮೀಕ 6:8). ಕಾಣಿಕೆಯ ಲೆಕ್ಕ ಸಭೆಯ ಮುಂದೆ ಇಡಬೇಕೇ ಎಂದು ಉಪವಾಸ ಮಾಡಿ ಕೇಳುವಂಥದ್ದು ಏನೂ ಇಲ್ಲ, ಇಡಬೇಕು. ಕಾಣಿಕೆಯ ಹಣ ಸಾಗಿಸುವಾಗ ಯಾರ ಬಾಯಿಗೂ ಸಿಗಬಾರದೆಂದು ಅಪೊಸ್ತಲ ಪೌಲನೇ ಜೊತೆಗೆ ಜನರನ್ನು ಕಳಿಸಿದ (2 ಕೊರಿಂಥ 8:20-21).

ಕೆಲವು ಪಾಲಕರ ದಿನನಿತ್ಯದ ಕರ್ತವ್ಯ. ಆಸ್ಪತ್ರೆಗೆ ಹೋಗಲೋ ಬೇಡವೋ ಎಂದು ಕೇಳುತ್ತಾ ಕೂರುವುದು ಭಕ್ತಿಯಲ್ಲ, ಸೋಮಾರಿತನ.

ನಿಜವಾಗಿ ತೆರೆದಿರುವ ಪ್ರಶ್ನೆಗಳು ಇವೆರಡನ್ನೂ ತೆಗೆದ ಮೇಲೆ ಉಳಿಯುತ್ತವೆ: ಈ ಊರಲ್ಲಿ ಇರುವುದೋ ಬೇರೆಡೆಗೆ ಹೋಗುವುದೋ, ಹೊಸ ಹಳ್ಳಿಯಲ್ಲಿ ಪ್ರಾರ್ಥನಾ ಕೂಟ ತೆರೆಯುವುದೋ, ಸೈಟು ಕೊಳ್ಳುವುದೋ ಬಾಡಿಗೆಯಲ್ಲೇ ಇರುವುದೋ, ಯಾರನ್ನು ಹಿರಿಯರನ್ನಾಗಿ ನಿಲ್ಲಿಸುವುದು. ವರ್ಷಕ್ಕೆ ಇಂಥವು ಐದಾರು ಬಂದರೆ ಹೆಚ್ಚು.

ಇನ್ನೊಂದು ನಮ್ಮಲ್ಲೇ ಬೆಳೆದ ಚಾಳಿ. "ಪ್ರಾರ್ಥನೆ ಮಾಡಿ ಹೇಳ್ತೀನಿ" ಎಂಬುದು "ಆಗಲ್ಲ" ಎನ್ನುವುದಕ್ಕೆ ಸಭ್ಯ ಮಾತಾಗಿಬಿಟ್ಟಿದೆ. ಕೇಳಿದವರು ಕಾಯುತ್ತಾರೆ, ಹೇಳಿದವರು ಮರೆಯುತ್ತಾರೆ. ಆಗದಿದ್ದರೆ ಆಗುವುದಿಲ್ಲವೆಂದು ಅಲ್ಲೇ ಹೇಳಿ. ಪ್ರಾರ್ಥಿಸುತ್ತೇನೆ ಎಂದಿರೋ, ತೀರ್ಮಾನದ ನೋಟ್‌ಬುಕ್ಕಿನಲ್ಲಿ ಬರೆದು ಯಾವ ದಿನ ಉತ್ತರ ಕೊಡುವಿರೆಂದು ತಿಳಿಸಿ.

ತೆರೆದ ಪ್ರಶ್ನೆಗೆ ಹೆಜ್ಜೆಗಳು

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಬರುವಂತೆ. "ನನ್ನ ಸೇವೆಯ ಮುಂದಿನ ದಾರಿ ಏನು?" ಎಂಬುದು ಪ್ರಶ್ನೆಯಲ್ಲ, ನಿಟ್ಟುಸಿರು. "ಬರುವ ಜೂನ್‌ನಲ್ಲಿ ಈ ಸಭೆ ಬಿಟ್ಟು ಬೆಂಗಳೂರಿನ ಸಭೆಯ ಕರೆ ಒಪ್ಪಬೇಕೇ?" ಎಂದರೆ ಹಿಡಿತಕ್ಕೆ ಸಿಗುತ್ತದೆ. ಕೆಳಗೆ ತಾರೀಕು ಹಾಕಿ, ನಿಮ್ಮ ಮನಸ್ಸು ಈಗಾಗಲೇ ಎತ್ತ ವಾಲಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಬರೆದುಬಿಡಿ. ವಾಲುವುದು ತಪ್ಪಲ್ಲ; ವಾಲಿದ್ದನ್ನು ಮುಚ್ಚಿಟ್ಟು ದೇವರ ಮಾತೆಂದು ಹೊರತೆಗೆಯುವುದು ತಪ್ಪು. ಪ್ರವಾದಿ ನಾತಾನನಂಥವನೇ ದೇವರಿಗೆ ಆಲಯ ಕಟ್ಟುವ ರಾಜ ದಾವೀದನ ಆಸೆಗೆ ಕೇಳಿದೊಡನೆ "ಹೋಗಿ ಮಾಡು" ಎಂದುಬಿಟ್ಟ. ಅದೇ ರಾತ್ರಿ ದೇವರು ತಿದ್ದಿದರು, ಮಾರನೆಯ ದಿನ ಮಾತು ಹಿಂತೆಗೆದುಕೊಳ್ಳಬೇಕಾಯಿತು (2 ಸಮುವೇಲ 7). ಒಳ್ಳೆಯ ಕೆಲಸ, ಒಳ್ಳೆಯ ಮನುಷ್ಯ, ಆದರೂ ಆ ಕೂಡಲೇ ಕೊಟ್ಟ ಉತ್ತರ ತಪ್ಪು.

ಎರಡನೆಯದು ಸಂಗತಿ ಕಲೆಹಾಕುವುದು. ಪ್ರಾರ್ಥನೆಗೂ ವಿಚಾರಣೆಗೂ ವೈರವಿಲ್ಲ. ಯೆರೂಸಲೇಮಿನ ಬಿದ್ದ ಗೋಡೆ ಮತ್ತೆ ಕಟ್ಟಿಸಿದ ನೆಹೆಮೀಯ ಕಿಸ್ಲೇವ್ ತಿಂಗಳಿಂದ ನೀಸಾನ್‌ವರೆಗೆ, ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸಿದ. ಯೆರೂಸಲೇಮಿಗೆ ಬಂದ ಮೇಲೆ ಯಾರಿಗೂ ಹೇಳದೆ ರಾತ್ರಿಯಲ್ಲಿ ಗೋಡೆಯ ಸುತ್ತ ಹೋಗಿ ಎಲ್ಲೆಲ್ಲಿ ಬಿದ್ದಿದೆ ಎಂದು ಕಣ್ಣಾರೆ ನೋಡಿದ. ಆಮೇಲೆ ಜನರನ್ನು ಕರೆದ. ಯೆಹೋಶುವ 9ರಲ್ಲಿ ಇದರ ತದ್ವಿರುದ್ಧ: ದೂರದಿಂದ ಬಂದವರಂತೆ ನಟಿಸಿದ ಗಿಬ್ಯೋನ್ಯರು ತೋರಿಸಿದ ಒಣರೊಟ್ಟಿಯನ್ನು ಇಸ್ರಾಯೇಲ್ಯರು ಪರೀಕ್ಷಿಸಿದರು, ಆದರೆ ಯೆಹೋವನನ್ನು ಕೇಳಲಿಲ್ಲ, ಒಡಂಬಡಿಕೆ ಮಾಡಿಕೊಂಡು ಮೋಸ ಹೋದರು. ಬರಿ ಕಣ್ಣೂ ಸಾಲದು, ಬರಿ ಮೊಣಕಾಲೂ ಸಾಲದು.

ಸೈಟಿನ ವಿಷಯವೇ ಆದರೆ ಹುಡುಕಬೇಕಾದ್ದು ದರ್ಶನಕ್ಕಿಂತ ಮೊದಲು ದಾಖಲೆ. ಹೊಲವಾಗಿದ್ದರೆ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು ಯಾರ ಹೆಸರಿದೆ, ಸಾಲ ಇದೆಯೇ ನೋಡಿ. ಕೃಷಿ ಜಮೀನಿಗೆ ಭೂಪರಿವರ್ತನೆ ಆಗದೆ ಕಟ್ಟಡಕ್ಕೆ ಕೈ ಹಾಕುವಂತಿಲ್ಲ. ಗ್ರಾಮ ಪಂಚಾಯಿತಿಯ ನಿವೇಶನವಾದರೆ ಪಂಚಾಯಿತಿ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ಉಪನೋಂದಣಿ ಕಚೇರಿಯ ಋಣಭಾರ ಪತ್ರ ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ, ಕೊಂಡರೂ ನಿಲ್ಲುವುದಿಲ್ಲ. "ದೇವರೇ ಕೊಟ್ಟ ಜಾಗ" ಎಂದು ಅಡ್ವಾನ್ಸ್ ಕೊಟ್ಟು ಆಮೇಲೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ಬಹುಪಾಲು ಇಲ್ಲೇ. ನೋಂದಣಿ ಸಭೆಯ ಟ್ರಸ್ಟು ಅಥವಾ ಸಂಘದ ಹೆಸರಿಗೆ ಆಗಲಿ, ಪಾಲಕರ ಹೆಸರಿಗೆ ಬೇಡ. ಪಾಲಕರು ತೀರಿಕೊಂಡರೆ ಅದು ಅವರ ಮಕ್ಕಳ ಪಾಲಿನ ಆಸ್ತಿ.

ಮೂರನೆಯದು ಗಡುವು. ಸಣ್ಣ ವಿಷಯಕ್ಕೆ ಒಂದು ವಾರ, ಹಣ ದೊಡ್ಡದಾದರೆ ಒಂದು ತಿಂಗಳು, ಊರು ಬಿಡುವ ಪ್ರಶ್ನೆಗೆ ಎರಡು ಮೂರು ತಿಂಗಳು. "ಇವತ್ತೇ ಹೇಳಿ" ಎಂದು ಒತ್ತುವವರಿಗೆ ಉತ್ತರ ಇಲ್ಲವೆಂದೇ ಇರಲಿ. ಗಡುವಿಲ್ಲದೆ ಕಾಯುವುದೂ ಒಂದು ತಪ್ಪಿಸಿಕೊಳ್ಳುವಿಕೆಯೇ, ಅದಕ್ಕೆ ತಾರೀಕು ಬರೆದಿಡಿ.

ಈ ಅವಧಿಯಲ್ಲಿ ಬೈಬಲ್ ಓದು ಬದಲಾಯಿಸಬೇಡಿ. ಎಲ್ಲಿದ್ದಿರೋ ಅಲ್ಲಿಂದಲೇ ಸಾಲಾಗಿ ಮುಂದುವರಿಯಿರಿ. ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನ, ಹೊಸ ವರ್ಷಕ್ಕೆ ಸಿಗುವ ವಾಗ್ದಾನದ ವಚನದ ಚೀಟಿ, ಕ್ಯಾಲೆಂಡರಿನ ವಾಕ್ಯ ಇವು ಸಮಾಧಾನಕ್ಕೆ ಸರಿ, ತೀರ್ಮಾನಕ್ಕೆ ಅಲ್ಲ. ಇಷ್ಟು ವಚನಗಳ ನಡುವೆ ಬೇಕಾದ ಉತ್ತರ ಸಿಗುವವರೆಗೆ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಅದರಲ್ಲೂ "ನಾನು ನಿನ್ನನ್ನು ಕರೆದುಕೊಂಡು ಹೋಗುವೆನು" ಎಂಬಂಥ ಮಾತು ಕಂಡ ಕೂಡಲೇ ಮೂಟೆ ಕಟ್ಟುವವರು, "ಈ ಸ್ಥಳದಲ್ಲಿ ಇರು" ಎಂಬುದು ಕಂಡಾಗ ಪುಟ ತಿರುಗಿಸುತ್ತಾರೆ. ದೇವರಿಂದ ಗುರುತು ಕೇಳಲು ಗಿದ್ಯೋನ ಹರಡಿದ ಕುರಿಯ ತುಪ್ಪಟದ ಉದಾಹರಣೆ ಕೊಡುವವರಿಗೆ ನ್ಯಾಯಸ್ಥಾಪಕರು 6ನ್ನು ಮೊದಲಿಂದ ಓದಲು ಹೇಳಿ. ದೇವರು ಆಗಲೇ ಸ್ಪಷ್ಟವಾಗಿ ಹೇಳಿದ್ದರು. ತುಪ್ಪಟ ಹರಡಿದ್ದು ತಿಳಿಯದೆ ಅಲ್ಲ, ಧೈರ್ಯ ಸಾಲದೆ. ಚೀಟು ಹಾಕುವುದೂ ಅಷ್ಟೇ: ಅಪೊಸ್ತಲರ ಕೃತ್ಯಗಳಲ್ಲಿ ಮತ್ತೀಯನನ್ನು ಅಪೊಸ್ತಲನನ್ನಾಗಿ ಆರಿಸಲು ಒಮ್ಮೆ ಹಾಕಿದರು, ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ದಿನದ ಮೇಲೆ ಆ ಪುಸ್ತಕದಲ್ಲಿ ಮತ್ತೆಲ್ಲೂ ಇಲ್ಲ.

"ಬಾಗಿಲು ಮುಚ್ಚಿತು, ಬಾಗಿಲು ತೆರೆಯಿತು" ಎಂಬ ಮಾತನ್ನೂ ಅಳೆದು ಬಳಸಿ. ಪೌಲನಿಗೆ ಆಸ್ಯಕ್ಕೂ ಬಿಥೂನ್ಯಕ್ಕೂ ದಾರಿ ಮುಚ್ಚಿದ್ದು ನಿಜ (ಕೃತ್ಯಗಳು 16:6-7). ಆದರೆ ಅದೇ ಪೌಲ 1 ಕೊರಿಂಥ 16:9ರಲ್ಲಿ, ದೊಡ್ಡ ಬಾಗಿಲು ತೆರೆದಿದೆ, ವಿರೋಧಿಗಳೂ ಬಹಳ ಇದ್ದಾರೆ ಎಂದು ಎರಡನ್ನೂ ಒಟ್ಟಿಗೆ ಬರೆಯುತ್ತಾನೆ. ಅಡ್ಡಿ ಬಂತೆಂದರೆ ಚಿತ್ತವಲ್ಲ ಎಂದೇನೂ ಇಲ್ಲ. ಸಲೀಸಾಯಿತೆಂದರೆ ಚಿತ್ತವೇ ಎಂದೂ ಇಲ್ಲ. ದೇವರ ಮಾತು ಮೀರಿ ಓಡಿಹೋಗುತ್ತಿದ್ದ ಯೋನನಿಗೆ ತಾರ್ಷೀಷಿನ ಹಡಗು ಬಂದರಿಗೆ ಹೋದ ಕೂಡಲೇ ಸಿಕ್ಕಿತ್ತು.

ನಾಲ್ಕನೆಯ ಹೆಜ್ಜೆ ಮೂವರನ್ನು ಕೇಳುವುದು. ನಿಮ್ಮ ಮನೆಯವರು. ನಿಮ್ಮ ಸಭೆಗೆ ಸೇರದ, ವಯಸ್ಸಾದ ಒಬ್ಬ ಸೇವಕರು. ಈ ತೀರ್ಮಾನದಿಂದ ನಷ್ಟವಾಗುವ ಒಬ್ಬರು. ಮೂರನೆಯವರನ್ನು ಕೇಳುವವರೇ ಇಲ್ಲ, ಅದಕ್ಕೇ ಅವರ ಮಾತೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೋಶೆ ಬೆಳಗಿನಿಂದ ಸಂಜೆವರೆಗೆ ನ್ಯಾಯ ಹೇಳುತ್ತಾ ಸೊರಗುವುದನ್ನು ಕಂಡು ತಿದ್ದಿದ್ದು ಹೊರಗಿನಿಂದ ಬಂದ ಮಾವ ಇತ್ರೋನ (ವಿಮೋಚನಕಾಂಡ 18). ಜೊತೆಗಿದ್ದವರಿಗೆ ಅದು ರೂಢಿಯಾಗಿತ್ತು. ಆದರೆ ಕೇಳಿದ ಮೇಲೆ ಕೈ ಎತ್ತಿ ಎಣಿಸಬೇಡಿ. ಕೃತ್ಯಗಳು 21ರಲ್ಲಿ ಯೆರೂಸಲೇಮಿಗೆ ಹೋಗಬೇಡ ಎಂದು ಎಲ್ಲರೂ ಅತ್ತು ಬೇಡಿದರು. ಮುಂದಿರುವ ಅಪಾಯದ ಬಗ್ಗೆ ಅವರು ಹೇಳಿದ್ದು ನಿಜವಾಯಿತು, ಪೌಲ ಹೋದದ್ದೂ ಸರಿಯೇ ಆಯಿತು.

ಐದನೆಯದು ಹೌದು, ಇಲ್ಲ ಎರಡನ್ನೂ ಬದುಕಿ ನೋಡುವುದು. ಮೂರು ದಿನ "ಹೋಗುತ್ತೇನೆ" ಎಂದು ತೀರ್ಮಾನವಾದಂತೆಯೇ ಒಳಗೊಳಗೆ ಇದ್ದು, ಪ್ರತಿ ರಾತ್ರಿ ಮನಸ್ಸಿನ ಸ್ಥಿತಿ ಒಂದು ಸಾಲು ಬರೆಯಿರಿ. ಮುಂದಿನ ಮೂರು ದಿನ "ಉಳಿಯುತ್ತೇನೆ". ಯಾರಿಗೂ ಹೇಳಬೇಡಿ. ಮೊದಲ ದಿನದ ಹಿಗ್ಗನ್ನು ನಂಬಬೇಡಿ, ಮೂರನೆಯ ದಿನ ಏನು ಉಳಿಯಿತು ನೋಡಿ. ಇಗ್ನೇಷಿಯಸ್ ಕೊಟ್ಟ ಇನ್ನೊಂದು ಸೂತ್ರ ಇಲ್ಲಿ ತುಂಬ ಬೆಲೆಯುಳ್ಳದ್ದು: ಮನಸ್ಸು ಕುಗ್ಗಿದ, ಒಣಗಿದ ಹೊತ್ತಿನಲ್ಲಿ ಹಿಂದೆ ನೆಮ್ಮದಿಯಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಬೇಡ. ವಾರ್ಷಿಕ ಸಭೆಯಲ್ಲಿ ಯಾರೋ ಎದ್ದು ನಿಂತು ಬೈದ ರಾತ್ರಿ ರಾಜೀನಾಮೆ ಬರೆಯುವವರಿಗೆ ಈ ಒಂದು ಸಾಲು ಸಾಕು.

ಬೆಂಗಳೂರಿನ ಕರೆಗೆ ಇದನ್ನು ಹೊಂದಿಸಿ ನೋಡಿ. ಸಂಬಳ ಹೆಚ್ಚು, ಮಕ್ಕಳಿಗೆ ಶಾಲೆ, ಇಂಗ್ಲಿಷ್ ಆರಾಧನೆ. ಇತ್ತ ಕಡೆ 60 ಮನೆ, ಅರ್ಧ ಕಟ್ಟಿದ ಮಂದಿರ, ಇನ್ನೂ ತಯಾರಾಗದ ಎರಡನೆಯ ಸಾಲಿನ ಮುಂದಾಳುಗಳು. ಸಂಬಳದ ವಿಷಯ ಬಾಯಿ ಬಿಡಲು ನಾಚಿಕೆಪಟ್ಟು ಅದನ್ನು "ದೊಡ್ಡ ಸೇವೆಯ ಭಾರ" ಎಂದು ಕರೆಯುತ್ತೇವೆ. ನೋಟ್‌ಬುಕ್ಕಿನಲ್ಲಿಯಾದರೂ ರೂಪಾಯಿ ಲೆಕ್ಕ ಬರೆದಿಡಿ. ಮಕ್ಕಳ ಓದು ನಿಜವಾದ ಕಾರಣವಾಗಿದ್ದರೆ ಅದು ಕಾರಣವೇ, ಅದಕ್ಕೆ ಆತ್ಮಿಕ ಹೊದಿಕೆ ಬೇಡ. ಇದನ್ನೆಲ್ಲ ಬರೆದ ಮೇಲೂ "ಇಲ್ಲಿ ನನ್ನ ಕೆಲಸ ಮುಗಿಯಿತೇ?" ಎಂಬುದೊಂದು ಉಳಿಯುತ್ತದೆ. ನೀವು ಹೊರಟ ಮರು ಭಾನುವಾರ ಪ್ರಸಂಗ ಹೇಳಬಲ್ಲವರು ಇಬ್ಬರಿದ್ದಾರೆಯೇ? ಇಲ್ಲದಿದ್ದರೆ ಉತ್ತರ ಬಹುಶಃ "ಇಲ್ಲ" ಅಲ್ಲ, "ಈಗಲ್ಲ". ಬಿಷಪ್ಪರು ವರ್ಗ ಮಾಡುವ ಸಭೆಗಳಲ್ಲಿ ಪ್ರಶ್ನೆಯ ಆಕಾರವೇ ಬೇರೆ. ಅಲ್ಲಿ ಕೇಳಬೇಕಾದ್ದು ಹೋಗಲೇ ಎಂದಲ್ಲ, ಹೋಗುವ ಮುಂಚೆ ಯಾವ ಮೂರು ಕೆಲಸ ಮುಗಿಸಲಿ ಎಂದು.

ತೀರ್ಮಾನವಾಯಿತು, ಸಭೆಗೆ ಹೇಳುವಾಗಿನ ಮಾತು ಮುಖ್ಯ. "ದೇವರು ನನಗೆ ಹೇಳಿದರು" ಎಂದರೆ ಹಿರಿಯರ ಬಾಯಿ ಮುಚ್ಚಿತು. ಇನ್ನು ಪ್ರಶ್ನೆ ಕೇಳಿದವರು ದೇವರ ವಿರೋಧಿಗಳು. ಯೆರೂಸಲೇಮಿನ ಸಭೆ ಪತ್ರ ಬರೆದಾಗ ಹಾಗೆ ಹೇಳಲಿಲ್ಲ. ಪವಿತ್ರಾತ್ಮನಿಗೂ ನಮಗೂ ಸರಿಯೆಂದು ತೋರಿತು ಎಂದಿತು (ಕೃತ್ಯಗಳು 15:28). ಮಕೆದೋನ್ಯಕ್ಕೆ ಬಾ ಎಂಬ ದರ್ಶನ ಕಂಡದ್ದು ಪೌಲ ಒಬ್ಬನೇ, ತೀರ್ಮಾನಿಸಿದ್ದು "ನಾವು" (16:10). "ಪ್ರಾರ್ಥಿಸಿದೆವು, ವಿಚಾರಿಸಿದೆವು, ಇದು ಸರಿಯೆಂದು ತೋರುತ್ತಿದೆ, ನಿಮಗೇನು ಅನಿಸುತ್ತದೆ?" ಎಂದು ಕೇಳಿ, ಎರಡು ವಾರ ಬಿಡಿ.

ಉಪವಾಸ, ಮತ್ತೆ ಇತರರ ಪ್ರಶ್ನೆಗಳು

ದೊಡ್ಡ ಪ್ರಶ್ನೆಗೆ ಉಪವಾಸ ನಮ್ಮ ಸಭೆಗಳ ರೂಢಿ. ಬೆಳಿಗ್ಗೆಯಿಂದ ಸಂಜೆವರೆಗೆ, ನೀರು ಕುಡಿಯುತ್ತಾ, ಒಂದು ದಿನ ಸಾಕು. ಸಂಜೆ ಬಿಡುವಾಗ ತೆಳು ರಾಗಿ ಗಂಜಿ ಅಥವಾ ಮಜ್ಜಿಗೆ ಅನ್ನ. ಬಿರಿಯಾನಿಯಿಂದ ಬಿಟ್ಟರೆ ರಾತ್ರಿಯೆಲ್ಲ ಹೊಟ್ಟೆಯದೇ ಧ್ಯಾನ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಎಳೆ ಬಾಣಂತಿಯರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಊಟ ಬಿಟ್ಟು ಮಾತ್ರೆ ನುಂಗಿದರೆ ಸಕ್ಕರೆ ಇಳಿದು ಕುಸಿಯಬಹುದು, ಮಾತ್ರೆಯನ್ನೂ ಬಿಟ್ಟರೆ ಏರಬಹುದು. ಉಪವಾಸ ಕೂಟ ಪ್ರಕಟಿಸುವಾಗಲೇ ಇದನ್ನು ಗಟ್ಟಿಯಾಗಿ ಹೇಳಿ. ಊಟ ಮಾಡಿ ಬಂದವರೂ ಅದೇ ಸಾಲಿನಲ್ಲಿ ಕೂರುವಂತಿರಲಿ.

ಇನ್ನು ಜನ ತರುವ ಪ್ರಶ್ನೆಗಳು. "ಈ ಹುಡುಗೀನೇ ದೇವರ ಚಿತ್ತವಾ ಅಯ್ಯಾ?" ಎಂದು ಕೇಳುವ ಹುಡುಗನಿಗೆ ಹೌದು, ಇಲ್ಲ ಎಂದು ಹೇಳಲೇಬೇಡಿ. ಹೇಳಿದ ದಿನದಿಂದ ಆ ಮದುವೆಯ ಪ್ರತಿ ಜಗಳಕ್ಕೂ ನೀವೇ ಹೊಣೆ. ಮೇಲಿನ ಹೆಜ್ಜೆಗಳನ್ನು ಅವನಿಗೇ ಕೊಡಿ: ಪ್ರಶ್ನೆ ಬರೆ, ಆ ಹುಡುಗಿಗೆ ನಿಜಕ್ಕೂ ಒಪ್ಪಿಗೆಯಿದೆಯೇ ಕೇಳು, ಎರಡೂ ಮನೆಯ ಸಾಲ ಸೋಲ ತಿಳಿದುಕೋ, ಒಂದು ತಿಂಗಳು ತಾಳು. ರೋಗಿಗಳ ವಿಷಯದಲ್ಲಿ ಇನ್ನೂ ಎಚ್ಚರ. ಮಾತ್ರೆ ನಿಲ್ಲಿಸಿ ಎಂಬ ಮಾತು ಪಾಲಕರ ಬಾಯಿಂದ ಯಾವ ದರ್ಶನದ ಹೆಸರಲ್ಲೂ ಬರಬಾರದು. ಪ್ರಾರ್ಥನೆಯ ಮೇಲೆ ಗುಣ ಕಂಡರೆ ಅದನ್ನು ಡಾಕ್ಟರೂ ನೋಡಿ ಮಾತ್ರೆ ಇಳಿಸಲಿ.

ನೋಟ್‌ಬುಕ್ಕು ತಿರುಗಿಸುವುದು

ಮೈಸೂರು ಸೀಮೆಯ ಹಳೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅನೇಕವು ವೆಸ್ಲಿಯನ್ ಮಿಷನ್ನಿನಿಂದ ಬಂದವು. ಆ ಪರಂಪರೆಯಲ್ಲಿ, ಮೆಥೊಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ 1755ರಲ್ಲಿ ಮೊದಲು ನಡೆಸಿದ ಒಡಂಬಡಿಕೆಯ ಆರಾಧನೆ ಹೊಸ ವರ್ಷದ ಸುಮಾರಿಗೆ ಬರುತ್ತದೆ. ವಾಗ್ದಾನದ ಚೀಟಿಯಲ್ಲಿ ದೇವರು ನಮಗೇನು ಕೊಡುತ್ತಾರೆ ಎಂದು ನೋಡುತ್ತೇವೆ; ಒಡಂಬಡಿಕೆಯ ಪ್ರಾರ್ಥನೆಯಲ್ಲಿ ನಮ್ಮನ್ನು ಎಲ್ಲಿ ಬೇಕಾದರೂ ಇಡು ಎಂದು ಒಪ್ಪಿಸಿಕೊಡುತ್ತೇವೆ. ನಿಮ್ಮ ಸಭೆಯಲ್ಲಿ ಆ ರೂಢಿ ಇಲ್ಲದಿದ್ದರೂ ಆ ವಾರವನ್ನು ತೀರ್ಮಾನದ ನೋಟ್‌ಬುಕ್ಕು ತಿರುಗಿಸಲು ಇಟ್ಟುಕೊಳ್ಳಿ. ಇನ್ನೊಮ್ಮೆ ಜೂನ್ ಕೊನೆಗೆ. ಪ್ರತಿ ತೀರ್ಮಾನದ ಪಕ್ಕದಲ್ಲಿ ಏನಾಯಿತು ಎಂದು ಕೆಂಪು ಶಾಯಿಯಲ್ಲಿ ಒಂದು ಸಾಲು. ಎಲ್ಲಿ ಆತುರಪಟ್ಟಿರಿ, ಯಾರ ಮಾತು ಕೇಳದೆ ಹೋದಿರಿ, ಯಾವ ಹಣದ ಲೆಕ್ಕ ತಪ್ಪಿತು ಎಂಬುದು ನಾಲ್ಕೈದು ಪುಟ ದಾಟುವಷ್ಟರಲ್ಲಿ ಒಂದೇ ತೆರನಾಗಿ ಕಾಣತೊಡಗುತ್ತದೆ. ಒಬ್ಬೊಬ್ಬರದು ಒಂದೊಂದು ತೆರ. ಅದನ್ನು ಮುಂದಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಊರು ಬಿಡುವ ದಿನ ಬಂದಾಗ ಸೈಟು, ಕಟ್ಟಡ, ಹಣಕ್ಕೆ ಸಂಬಂಧಿಸಿದ ಪುಟಗಳ ಪ್ರತಿ ಸಮಿತಿಯ ನಡಾವಳಿ ಪುಸ್ತಕದ ಜೊತೆ ಕಾರ್ಯದರ್ಶಿಯ ಕೈಗೆ ಹೋಗಲಿ. ಹೊಸ ಪಾಲಕರು ಅದೇ ಪ್ರಶ್ನೆಯನ್ನು ಮೊದಲಿಂದ ಎತ್ತದಿರಲಿ. ಹೆಸರುಗಳಿರುವ ಪ್ರಾರ್ಥನೆಯ ಪಟ್ಟಿ ಯಾರಿಗೂ ಕೊಡಬೇಡಿ. ಕೊನೆಯ ಬೆಳಿಗ್ಗೆ ಅದನ್ನು ಒಂದು ಸಲ ಪೂರ್ತಿ ಓದಿ, ಪುಟ ಹರಿದು ನೀರೊಲೆಗೆ ಹಾಕಿ.